ಬಿಸಿಲಲ್ಲಿ ಬಂದ ಮಳೆ

1996ರ ಫೆಬ್ರವರಿ ತಿಂಗಳು. ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಊಟ ಮುಗಿಸಿ, ಪಾತ್ರೆ ತೊಳೆದು ಕವುಚಿಟ್ಟು, ಅಡಿಗೆಮನೆಯ ಬಾಗಿಲಲ್ಲೇ ಸೆರಗು ಹಾಸಿಕೊಂಡು ಒಂದಿಷ್ಟು ಅಡ್ಡಾಗಿದ್ದೆ. ಕಣ್ಣಿಗೆ ಜೊಂಪು ಹತ್ತುವಷ್ಟರಲ್ಲಿ ಗುಡುಗಿನ ಸದ್ದು. ಜೊತೆಗೇ ಧೋ ಎಂದು ಸುರಿಯುವ ಮಳೆ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಅಡಿಕೆ ಬೆಳೆಯುವವರ ಮನೆಯ ಹೆಂಗಸಿಗೆ ಅಂಥ ಹೊತ್ತಿನಲ್ಲಿ ಎಲ್ಲಿಂದ ಕಾಲು ಬರುತ್ತದೋ ದೇವರಿಗೇ ಗೊತ್ತು. "ಮಾಣೀ, ತಾಡಪಾಲು ತಗಂಡು ಬಾರೋ" ಎಂದು ಕೂಗುತ್ತ, ಹೊಸ್ತಿಲು ಎಡವಿ, ಉಗುರು ಕಿತ್ತುಕೊಂಡು ಅಂಗಳಕ್ಕೆ ಹಾರಿದೆ.

ಅಂಗಳದಲ್ಲಿ ಹಪ್ಪಳ ಸುಡುವಂಥ ಬಿಸಿಲು. ಆಕಾಶದಲ್ಲಿ ಹತ್ತಿಯಷ್ಟು ಮೋಡವಿಲ್ಲ. ನಮ್ಮ ನಾಯಿ ಒಂದು ಕಣ್ಣು ತೆರೆದು, ಈ ಹೆಂಗಸಿಗೆ ಏನಾಯಿತು ಎಂಬಂತೆ ನೋಡಿ, ಮತ್ತೆ ಮುಚ್ಚಿಕೊಂಡಿತು. ಮಳೆ ಮಾತ್ರ ಸುರಿಯುತ್ತಲೇ ಇತ್ತು. ಮನೆಯೊಳಗೆ! ಮೆತ್ತಿನ ಮೇಲೆ, ಮಗನ ಕೋಣೆಯಲ್ಲಿ!

ಆಮೇಲೆ ಆ ಮಳೆಯೊಳಗಿಂದ ಒಂದು ಘಂಟೆ ಕೇಳಿಸಿತು. ದೂರದಲ್ಲೆಲ್ಲೋ, ಯಾರನ್ನೋ ಕಳಿಸಿಕೊಡುವಂತೆ ಬಿಟ್ಟುಬಿಟ್ಟು ಬಡಿಯುವ ಘಂಟೆ. ಅದು ಬಡಿಯುತ್ತಿದ್ದ ಹಾಗೆಯೇ ತಟ್ಟನೆ ಮನೆಯ ತೊಲೆಗಳು ನಡುಗುವಂಥ ಗಿಟಾರಿನ ಮೊರೆತ. ನಿಧಾನ, ಬಲು ನಿಧಾನ. ತುಂಬಿದ ಗಾಡಿಯನ್ನು ಒಂಟಿ ಎತ್ತು ಏರಿಗೆ ಎಳೆದ ಹಾಗೆ. ಹರಿದ ಉಗುರನ್ನು ಒತ್ತಿ ಹಿಡಿದುಕೊಂಡು ಒಣ ಅಂಗಳದಲ್ಲಿ ನಿಂತು ನಾನು ನಮ್ಮ ಮನೆಗೆ ಬಂದ ಈ ಹೊಸ ಮಳೆಗಾಲವನ್ನು ಕೇಳಿದೆ.

ಸಿಟ್ಟು ಬಂತೆಂದು ಬೇರೆ ಹೇಳಬೇಕೆ? ಮೆತ್ತು ಹತ್ತಿ ಹೋಗಿ ಬೈಯಬೇಕೆಂದು ನಾಲ್ಕು ಮೆಟ್ಟಿಲು ಏರಿದವಳು ಅಲ್ಲೇ ನಿಂತೆ. ಬಾಗಿಲ ಸಂದಿಯಿಂದ ಕಂಡಿತು. ಹುಡುಗ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲಿಗೆ ಗಲ್ಲ ಊರಿ, ಕಣ್ಣು ಮುಚ್ಚಿಕೊಂಡು ಕೂತಿದ್ದ. ಏಳು ತಿಂಗಳಿನಿಂದ ನಾನು ಆ ಮುಖದಲ್ಲಿ ಕಾಣದಿದ್ದ ಒಂದು ಸಮಾಧಾನ ಅಲ್ಲಿತ್ತು. ಸದ್ದಾಗದಂತೆ ಇಳಿದು ಬಂದೆ.

ಏಳು ತಿಂಗಳು ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. 1995ರ ಜುಲೈ ಕೊನೆಯ ವಾರ ನಮ್ಮ ಮನೆಯವರು ಹೋಗಿಬಿಟ್ಟರು. ನಮ್ಮದು ತಾಳಗುಪ್ಪದಿಂದ ಒಳಗೆ, ಜೋಗದ ದಿಕ್ಕಿನ ಒಂದು ಪುಟ್ಟ ಊರು. ಅಂದು ಆಷಾಢದ ಗಾಳಿಮಳೆ. ಸಾಲದ ಕಂತು ಕಟ್ಟಲು ಅದೇ ಕೊನೆಯ ದಿನ. "ಇಷ್ಟು ಮಳೆಯಲ್ಲಿ ಎಂತ ಹೋಗೋದು, ನಾಳೆ ನೋಡುವ" ಎಂದು ಇವರು ಜಗುಲಿಯಲ್ಲಿ ಕೂತಿದ್ದರು. "ನಾಳೆ ಅಂದರೆ ಬಡ್ಡಿ ಬೀಳ್ತದೆ. ಇವತ್ತೇ ಹೋಗಿ ಮುಗಿಸಿ ಬನ್ನಿ" ಎಂದವಳು ನಾನು. ಎದ್ದು ರೇನ್‌ಕೋಟು ಹಾಕಿಕೊಂಡು ಹೊರಟರು. ಕಂತು ಕಟ್ಟಿದರು. ರಸೀದಿ ಜೇಬಿನಲ್ಲಿ ಒದ್ದೆಯಾಗದೆ ಇತ್ತು. ಬರುವ ದಾರಿಯಲ್ಲಿ ಗಾಳಿಗೆ ಮರದ ಕೊಂಬೆ ಮುರಿದು ಬೈಕಿನ ಮೇಲೆ ಬಿತ್ತು. ನಾನು ಹೋಗಿ ಬನ್ನಿ ಎಂದಾಗ ಜಗುಲಿಯ ಕಂಬ ಹಿಡಿದುಕೊಂಡು ಮಗ ನಿಂತಿದ್ದ. ಅವನು ಅದನ್ನು ಕೇಳಿಸಿಕೊಂಡಿದ್ದಾನೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವನಿಗೂ ಗೊತ್ತು. ಆಮೇಲೆ ನಾವಿಬ್ಬರೂ ಆ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾತಾಡಿಕೊಂಡು ಬದುಕುತ್ತಿದ್ದೆವು.

ಆಗ ಅವನಿಗೆ ಹದಿನೇಳು. ಸಾಗರಕ್ಕೆ ಪಿಯುಸಿಗೆ ಹೋಗಿ ಬರುತ್ತಿದ್ದ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಅಣ್ಣನ ಮಗ ಒಂದು ಕ್ಯಾಸೆಟ್ಟು ತುಂಬಿಸಿಕೊಟ್ಟಿದ್ದ. ಅಂಗಡಿಯ ಕ್ಯಾಸೆಟ್ಟಾಗಿದ್ದರೆ ಮೇಲೆ ಚಿತ್ರವಾದರೂ ಇರುತ್ತಿತ್ತು. ಇದಕ್ಕೆ ಬಾಲ್‌ಪೆನ್ನಿನಲ್ಲಿ ಬರೆದ ಎರಡು ಹೆಸರು ಬಿಟ್ಟರೆ ಮತ್ತೇನಿಲ್ಲ. ಒಂದು ಬದಿಯಲ್ಲಿ 'ಬ್ಲ್ಯಾಕ್ ಸಬ್ಬಾತ್'. ಇನ್ನೊಂದು ಬದಿಯಲ್ಲಿ 'ಸಿಸ್ಟರ್ಸ್ ಆಫ್ ಮರ್ಸಿ'. ಎರಡನೆಯ ಹೆಸರು ಓದಿ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ದಯೆಯ ಸೋದರಿಯರು! ಆಸ್ಪತ್ರೆಯ ನನ್ನುಗಳು ಹಾಡುವ ಭಜನೆಯಿರಬೇಕೆಂದುಕೊಂಡೆ. ಆ ಬದಿ ತಿರುಗಿಸಿದಾಗ ಬಾವಿಯೊಳಗಿಂದ ಮಾತಾಡಿದಂಥ ಗಂಡಸಿನ ದನಿ ಎದ್ದು ಬಂತು. ತಾಳ ಹಾಕುತ್ತಿದ್ದುದು ಮನುಷ್ಯನೂ ಅಲ್ಲ, ಒಂದು ಯಂತ್ರ. ಆ ಯಂತ್ರಕ್ಕೆ 'ಡಾಕ್ಟರ್ ಅವಲಾಂಚ್' ಎಂದು ಹೆಸರು ಬೇರೆ ಇಟ್ಟಿದ್ದರಂತೆ.

ಮಳೆ, ಘಂಟೆ, ಮೊರೆತ ದಿನವೂ ನಡೆಯಿತು. ಸದ್ದು ತೋಟ ದಾಟಿ ಕೆಳಗಿನ ಮನೆಗೂ ಹೋಯಿತು. ಅಲ್ಲಿನ ಅತ್ತಿಗೆ ಹೂ ಕೊಯ್ಯುವ ನೆಪ ಮಾಡಿಕೊಂಡು ಬಂದರು. "ದೀಪ ಹಚ್ಚುವ ಹೊತ್ತಿಗೆ ಅದೆಂತದೇ ಮಾರಾಯ್ತಿ, ನಿಮ್ಮನೆ ಮೆತ್ತಿನ ಮೇಲೆ ಯಾರನ್ನೋ ಹೊತ್ತುಕೊಂಡು ಹೋಗುವ ಸದ್ದು?" ಎಂದರು. ಇನ್ನೊಬ್ಬರು, ಹುಡುಗನಿಗೆ ಗಾಳಿ ಸೋಕಿರಬೇಕು, ಅಪ್ಪನನ್ನು ನೆನೆಸಿ ನೆನೆಸಿ ಹೀಗಾಗಿದ್ದಾನೆ, ಒಂದು ತಾಯತ ಕಟ್ಟಿಸು ಎಂದರು. ಅದು ಸೈತಾನನ ಪೂಜೆಯ ಹಾಡಂತೆ, ಪೇಪರಿನಲ್ಲಿ ಬಂದಿತ್ತು ಎಂದು ಪೇಟೆಯಲ್ಲಿರುವ ನನ್ನ ತಂಗಿ ಹೆದರಿಸಿದಳು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಬುದ್ಧಿ ಹೇಳುವುದು ಎಲ್ಲರಿಗೂ ಸುಲಭ. ಕೇಳುವುದು ಅವಳಿಗೂ ಸುಲಭ, ಯಾಕೆಂದರೆ ಅವಳಿಗೆ ತನ್ನ ಬುದ್ಧಿಯ ಮೇಲೆ ನಂಬಿಕೆ ಹೋಗಿರುತ್ತದೆ. ನಾನು ತಾಯತ ತಂದೆ.

ಹುಡುಗ ನಗುತ್ತ ತೋಳು ಚಾಚಿದ. "ಕಟ್ಟು ಅಮ್ಮ. ಇವರಿಗೂ ಕಟ್ಟಿದ್ದರು" ಎಂದ. ಯಾರಿಗೋ ಎಂದೆ. ಅಲಹಾಬಾದಿನಿಂದ 1993ರ ಹೊತ್ತಿಗೆ ಶುರುವಾದ 'ರಾಕ್ ಸ್ಟ್ರೀಟ್ ಜರ್ನಲ್' ಎಂಬ ಪತ್ರಿಕೆಯ ಹಳೆಯ ಸಂಚಿಕೆಗಳು ಅವನ ಬಳಿ ಇದ್ದವು. ಅದರಲ್ಲಿ ಓದಿದ್ದು, ಅಣ್ಣನ ಮಗ ಹೇಳಿದ್ದು, ಎಲ್ಲ ಸೇರಿಸಿ ಅವನು ಹೇಳಿದ ಕತೆ ಹೀಗಿತ್ತು.

ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರು. ಅಲ್ಲಿನ ಕೂಲಿಕಾರರ ಕೇರಿಯ ನಾಲ್ವರು ಹುಡುಗರು: ಟೋನಿ, ಓಝಿ, ಗೀಝರ್, ಬಿಲ್. ಹೊಗೆ, ಕಬ್ಬಿಣ, ಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ಕಟ್ಟಡಗಳು, ಇವುಗಳ ನಡುವೆ ಬೆಳೆದವರು. ಪ್ರೀತಿ, ಹೂವು ಎಂದು ಎಲ್ಲರೂ ಹಾಡುತ್ತಿದ್ದ ಕಾಲ ಅದು. ಇವರ ಕೇರಿಯಲ್ಲಿ ಹೂವೇ ಇರಲಿಲ್ಲ. ಹತ್ತಿರದ ಟಾಕೀಸಿನಲ್ಲಿ 1963ರ ಒಂದು ಹೆದರಿಕೆಯ ಸಿನಿಮಾ, ಬೋರಿಸ್ ಕಾರ್ಲಾಫ್ ನಟಿಸಿದ್ದು. ದುಡ್ಡು ಕೊಟ್ಟು ಹೆದರಿಕೊಳ್ಳಲು ಜನ ಸಾಲು ನಿಲ್ಲುತ್ತಾರಲ್ಲ, ಹಾಗಿದ್ದರೆ ಹೆದರಿಕೆಯನ್ನೇ ಯಾಕೆ ಹಾಡಬಾರದು ಎಂದುಕೊಂಡರು. ಸಿನಿಮಾದ ಹೆಸರನ್ನೇ ತಮ್ಮ ತಂಡಕ್ಕೂ ಇಟ್ಟುಕೊಂಡರು. 1969ರ ಅಕ್ಟೋಬರದಲ್ಲಿ ಒಂದೇ ದಿನ ಕೂತು ಆ ಹಾಡುಗಳನ್ನು ನುಡಿಸಿ ಮುಗಿಸಿದರು. ನನ್ನ ಉಗುರು ಕಿತ್ತ ಮಳೆಯನ್ನೂ ಘಂಟೆಯನ್ನೂ ಆಮೇಲೆ ಸೇರಿಸಿದ್ದು. ತಟ್ಟೆ ಹೊರಗೆ ಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. ಹದಿಮೂರನೆಯ ತಾರೀಖು ಶುಕ್ರವಾರ ಬಿದ್ದರೆ ಅವರಿಗೆ ನಮ್ಮ ಅಮಾವಾಸ್ಯೆಯಿದ್ದ ಹಾಗೆ. ಗೀಝರ್ ಎಂಬ ಹುಡುಗನಿಗೆ ಒಂದು ರಾತ್ರಿ ಎಚ್ಚರವಾದಾಗ ಹಾಸಿಗೆಯ ಕಾಲ ಬಳಿ ಕಪ್ಪು ಆಕಾರವೊಂದು ನಿಂತಂತೆ ಕಂಡಿತ್ತಂತೆ. ಮೊದಲ ಹಾಡಿನ ಹುಟ್ಟು ಅದೇ.

"ಆ ಹಾಡಿನವನು ಸೈತಾನನನ್ನು ಕರೆಯೋದಲ್ಲ ಅಮ್ಮ, ಹೆದರಿ ದೇವರನ್ನು ಕೂಗೋದು" ಎಂದ ಮಗ. ತಟ್ಟೆಯ ರಟ್ಟಿನ ಒಳಗೆ ತಲೆಕೆಳಗಾದ ಶಿಲುಬೆ ಅಚ್ಚು ಹಾಕಿದ್ದು ಕಂಪನಿಯವರು, ಈ ಹುಡುಗರನ್ನು ಕೇಳದೆ. ಅದನ್ನು ಕಂಡು ಜನ ಏನೇನೋ ಹೇಳತೊಡಗಿದರು. ಹಾಡುವ ಓಝಿಯ ಅಪ್ಪ ಕಾರ್ಖಾನೆಯಲ್ಲಿ ಹತ್ಯಾರು ಮಾಡುವವನು. ಅವನು ಈ ನಾಲ್ವರಿಗೂ ಅಲ್ಯೂಮಿನಿಯಂನ ಶಿಲುಬೆ ಮಾಡಿಕೊಟ್ಟ. ನಾಲ್ವರೂ ಅದನ್ನು ಕೊರಳಿಗೆ ಹಾಕಿಕೊಂಡರು. "ಅದೂ ತಾಯತವೇ ಅಲ್ದ?" ಎಂದು ತೋಳಿಗೆ ಗಂಟು ಹಾಕಿಸಿಕೊಂಡು ಮೆತ್ತು ಹತ್ತಿ ಹೋದ. ಅಪ್ಪ ಮಾಡಿಕೊಟ್ಟದ್ದು ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಸುಳ್ಳೇಕೆ ಹೇಳಲಿ, ನನಗೆ ಆಗಲೂ ಆ ಸಂಗೀತ ಹಿಡಿಸಲಿಲ್ಲ. ಆದರೆ ಒಂದು ಯೋಚನೆ ಹುಟ್ಟಿತು. ಹೆದರಿಕೆಗೆ ದುಡ್ಡು ಕೊಡುವುದು ನಮಗೇನು ಹೊಸದೆ? ಚಿಕ್ಕವರಿದ್ದಾಗ ಬಯಲಾಟಕ್ಕೆ ಹೋಗುತ್ತಿದ್ದೆವು. ನಡುರಾತ್ರಿ ಬಣ್ಣದ ವೇಷ ಬರುವ ಹೊತ್ತು. ಪರದೆಯ ಹಿಂದೆ ಅಬ್ಬರ, ಚಂಡೆಯ ಪೆಟ್ಟು ಎದೆಗೂಡಿಗೇ ಬೀಳುತ್ತಿತ್ತು. ರಾಳದ ಪುಡಿ ಎರಚಿ ಭಗ್ಗೆಂದು ಬೆಂಕಿ ಎದ್ದಾಗ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ, ಒಂದೇ ಕಣ್ಣಿನಿಂದ ರಾಕ್ಷಸನನ್ನು ನೋಡುತ್ತಿದ್ದೆವು. ನೋಡದೆ ಇರಲೂ ಆಗುತ್ತಿರಲಿಲ್ಲ. ಊರ ಅಂಚಿನ ಮರದ ಬುಡದಲ್ಲಿ ಚೌಡಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಭಯವನ್ನು ಊರಿನಿಂದ ಓಡಿಸುವುದು ಆಗದ ಮಾತೆಂದು ನಮ್ಮ ಹಿರಿಯರಿಗೆ ತಿಳಿದಿತ್ತು. ಅದಕ್ಕೇ ಅದಕ್ಕೊಂದು ಜಾಗ, ಒಂದು ದಿನ, ಒಂದು ವಾದ್ಯ ಗೊತ್ತುಮಾಡಿ ಕೂರಿಸಿದರು.

ಮತ್ತೆ ದೀಪಾವಳಿಯ ರಾತ್ರಿ ಬರುವ ಅಂಟಿಗೆ ಪಂಟಿಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಊರ ಗಂಡಸರು ಹಣತೆಯ ಜ್ಯೋತಿ ಹಿಡಿದು, ಅದು ಆರದಂತೆ ಕಾಯ್ದುಕೊಂಡು, ಕತ್ತಲಲ್ಲಿ ತೋಟ, ಗದ್ದೆಯಂಚು, ಸಂಕ ದಾಟಿ ಮನೆಯಿಂದ ಮನೆಗೆ ಹಾಡುತ್ತ ಬರುತ್ತಾರೆ. ಬಾಗಿಲಲ್ಲಿ ನಿಂತು ಎತ್ತಿದ ದನಿಯಲ್ಲಿ ಹಾಡಿ ದೀಪ ಕೊಡುತ್ತಾರೆ. ನಾವು ಎಣ್ಣೆ ಎರೆದು, ಅಕ್ಕಿ, ಕಾಯಿ ಕೊಟ್ಟು ಕಳಿಸುತ್ತೇವೆ. ಇಷ್ಟೇ. ಆದರೆ ಆ ಕತ್ತಲು, ಆ ದನಿ, ದೂರದಿಂದ ತೇಲಿ ಬರುವ ಆ ಒಂದು ಬೆಳಕು, ಇವನ್ನು ಕಂಡವರು ಮರೆಯುವುದಿಲ್ಲ.

ಸಾವಾದ ವರ್ಷ ಮನೆಯಲ್ಲಿ ಹಬ್ಬವಿಲ್ಲ. 1995ರ ದೀಪಾವಳಿಯಲ್ಲಿ ಆ ಬೆಳಕು ನಮ್ಮ ತೋಟದ ಆಚೆಬದಿಯಿಂದಲೇ ಹಾದುಹೋಯಿತು. ನಾನು ಒಳಗಿದ್ದೆ. ಜಗುಲಿಯಲ್ಲಿ ಕತ್ತಲೆಯಲ್ಲಿ ನಿಂತು ಮಗ ಅದನ್ನು ನೋಡುತ್ತಿದ್ದ. ಹಾಡು ಕೆಳಗಿನ ಮನೆಯ ಬಾಗಿಲಲ್ಲಿ ನಿಂತಿತು, ಮತ್ತೆ ಹೊರಟಿತು, ಸಣ್ಣಗಾಯಿತು. "ಒಳಗೆ ಬಾ, ಇಬ್ಬನಿ" ಎಂದೆ. ಬಂದ. ಅಷ್ಟೇ ಆಡಿದ ಮಾತು. ಮನಸ್ಸಿನಲ್ಲಿ ಅಷ್ಟು ಕತ್ತಲು ತುಂಬಿಕೊಂಡಿದ್ದ ಹುಡುಗನಿಗೆ, ಕತ್ತಲಿಗೆಂದೇ ಇರುವ ಹಾಡು ಬೇಕಾಗಿದ್ದ ಹೊತ್ತಿನಲ್ಲಿಯೇ, ನಮ್ಮ ರೀತಿರಿವಾಜು ಬಾಗಿಲು ಹಾಕಿತ್ತು. ಗಂಡು ಹುಡುಗ ಅಳಬಾರದು, ಅಮ್ಮನಿಗೆ ಧೈರ್ಯ ಹೇಳಬೇಕು ಎಂದು ನೆಂಟರೆಲ್ಲ ಬೆನ್ನು ತಟ್ಟಿ ಹೋಗಿದ್ದರು. ನಾನೂ ರೇಡಿಯೋದಲ್ಲಿ ನಗುವಿನ ಹಾಡು ಬಂದರೆ ದನಿ ಹೆಚ್ಚಿಸುತ್ತಿದ್ದೆ. ಹುಡುಗ ಎಲ್ಲಿಗೆ ಹೋಗಬೇಕು? ಮೆತ್ತು ಹತ್ತಿ ಹೋದ.

1996ರ ಜುಲೈ. ವರ್ಷಾಂತ ಮುಗಿದು ನೆಂಟರೆಲ್ಲ ಹೋಗಿದ್ದರು. ಗಾಳಿಗೆ ಎಲ್ಲೋ ತಂತಿಯ ಮೇಲೆ ಮರ ಬಿದ್ದು ನಾಲ್ಕು ದಿನದಿಂದ ಕರೆಂಟಿಲ್ಲ. ಜೋಗದ ಮಗ್ಗುಲಲ್ಲೇ ಇದ್ದೇವೆ, ಕರೆಂಟು ಹುಟ್ಟಿ ನಮ್ಮ ತಲೆಯ ಮೇಲಿಂದಲೇ ಬೆಂಗಳೂರಿಗೆ ಹೋಗುತ್ತದೆ, ನಮಗೆ ಚಿಮಣಿಬುಡ್ಡಿ. ರಾತ್ರಿ ಊಟ ಮಾಡಿ ಕೂತರೆ ಮನೆಯಲ್ಲಿ ಗೋಡೆಗಳೇ ದೊಡ್ಡದಾದಂತೆ ಅನಿಸಿತು. ಒಬ್ಬಳೇ ಕೂರಲಾರದೆ ದೀಪ ಹಿಡಿದು ಮೆತ್ತು ಹತ್ತಿದೆ. ಹುಡುಗ ಟೇಪ್‌ರೆಕಾರ್ಡರಿಗೆ ಸೆಲ್ ಹಾಕುತ್ತಿದ್ದ. ನನ್ನನ್ನು ಕಂಡು ಕೈ ಹಿಂದೆಗೆದ. "ಹಾಕು, ನಾನೂ ಕೇಳ್ತೆ" ಎಂದೆ.

ಹೊರಗೆ ನಿಜವಾದ ಮಳೆ. ಒಳಗೆ ಕ್ಯಾಸೆಟ್ಟಿನ ಮಳೆ. ಯಾವುದು ಯಾವುದೆಂದು ತಿಳಿಯಲಿಲ್ಲ. ಘಂಟೆ ಬಡಿಯಿತು. ಆಮೇಲೆ ಆ ಮೊರೆತ. ಮದುವೆಗೆ ಮುಂಚೆ ನಾಲ್ಕು ವರ್ಷ ನಾನು ಸಂಗೀತ ಕಲಿತಿದ್ದೆ. ಕಿವಿ ಇನ್ನೂ ಪೂರ್ತಿ ತುಕ್ಕು ಹಿಡಿದಿರಲಿಲ್ಲ. ಮೂರೇ ಮೂರು ಸ್ವರ. ಕೆಳಗಿನ ಷಡ್ಜ, ಅಲ್ಲಿಂದ ಹಾರಿ ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಅಲ್ಲೇ ನಡುಗುತ್ತ ನಿಂತುಬಿಡುತ್ತದೆ. ಪಕ್ಕದ ಪಂಚಮಕ್ಕೆ ಕಾಲಿಡುವುದೇ ಇಲ್ಲ.

"ಇದು ಪ್ರತಿಮಧ್ಯಮ ಅಲ್ಲವೋ!" ಎಂದೆ. ಹುಡುಗ ಕ್ಯಾಸೆಟ್ಟು ನಿಲ್ಲಿಸಿದ. ಯುರೋಪಿನಲ್ಲಿ ಹಳೆಯ ಸಂಗೀತ ಪಂಡಿತರು ಈ ಎರಡು ಸ್ವರಗಳ ಅಂತರಕ್ಕೆ 'ಸಂಗೀತದೊಳಗಿನ ಸೈತಾನ' ಎಂದು ಅಡ್ಡಹೆಸರಿಟ್ಟಿದ್ದರೆಂದು ಅವನು ಓದಿದ್ದ. ನನಗೆ ನಗು ಬಂತು. ಅವರ ಸೈತಾನ ನಮ್ಮ ಕಲ್ಯಾಣಿ ರಾಗದಲ್ಲಿ ಕೂತಿದ್ದಾನೆ. ಸಂಜೆ ದೇವರ ಮುಂದೆ ಹಾಡುವ ಹಾಡಿನಲ್ಲಿ, ಮದುವೆಮನೆಯ ವಾಲಗದಲ್ಲಿ, ಅದೇ ಷಡ್ಜ, ಅದೇ ಪ್ರತಿಮಧ್ಯಮ. ಹಾಡಿ ತೋರಿಸಿದೆ. ಹನ್ನೆರಡು ತಿಂಗಳಿನಿಂದ ದನಿ ತೆಗೆಯದ ಗಂಟಲು, ಮೊದಲ ಸಲ ಒಡೆಯಿತು. ಎರಡನೆಯ ಸಲ ನಿಂತಿತು. ಅದೇ ಪ್ರತಿಮಧ್ಯಮ ಶುಭಪಂತುವರಾಳಿಗೆ ಬಂದರೆ ಹೇಗೆ ಅಳುತ್ತದೆಂದೂ ತೋರಿಸಿದೆ. ಹೆಸರಿನಲ್ಲಿ ಶುಭವಿದೆ, ಕೇಳಿದರೆ ಕರುಳು ಕಿತ್ತು ಬರುತ್ತದೆ. "ಸ್ವರಕ್ಕೆ ಪಾಪಪುಣ್ಯ ಇಲ್ಲ ಮಗೂ. ಅಕ್ಕಪಕ್ಕ ಯಾರಿದ್ದಾರೆ ಅನ್ನೋದೇ ಮುಖ್ಯ" ಎಂದೆ. ಹೇಳಿದ ಮೇಲೆ, ಇದು ಬರೀ ಸ್ವರದ ಮಾತೇ ಎಂದು ನನಗೇ ಅನುಮಾನವಾಯಿತು.

ಆಮೇಲೆ ಕ್ಯಾಸೆಟ್ಟಿನ ಇನ್ನೊಂದು ಬದಿ. ಈ ಬಗೆಯ ಸಂಗೀತಕ್ಕೆ ಗಾಥಿಕ್ ರಾಕ್ ಎನ್ನುತ್ತಾರಂತೆ. ಗಾಥಿಕ್ ಎಂದರೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಹಾಗೆ ಚೂಪಾಗಿ ಆಕಾಶಕ್ಕೇರಿದ, ಒಳಗೆ ಮಬ್ಬುಗತ್ತಲು ತುಂಬಿದ ಕಟ್ಟಡದ ರೀತಿ. ಹಾಳು ಕೋಟೆ, ದೆವ್ವ, ಮುಚ್ಚಿದ ಕೋಣೆಗಳ ಕತೆಗಳಿಗೆ ಆ ಹೆಸರು ಹೋಯಿತು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಹುಡುಗರ ಹಾಡಿಗೂ ಅದೇ ಹೆಸರು ಅಂಟಿತು. ಮಳೆಗಾಲದಲ್ಲಿ ಜೋಗ ನೋಡಲು ಹೋದವರಿಗೆ ಈ ಸಂಗೀತ ಅರ್ಥವಾಗಬಹುದು. ಕಣ್ಣೆದುರು ಬರೀ ಮಂಜು. ರಾಜನೂ ಇಲ್ಲ, ರಾಣಿಯೂ ಇಲ್ಲ. ಆದರೆ ಎದುರಿಗೆ ಭಾರಿಯಾದ ಏನೋ ಒಂದು ಬೀಳುತ್ತಲೇ ಇದೆಯೆಂದು ಕಾಲಡಿಯ ನೆಲ ಹೇಳುತ್ತಿರುತ್ತದೆ.

"ಇದಕ್ಕೆ ಹೆಸರೆಂತ?" ಎಂದೆ. "ಫ್ಲಡ್‌ಲ್ಯಾಂಡ್. 1987ರದ್ದು" ಎಂದ. ಹಾಗೆಂದರೆ? ಅವನು ಯೋಚಿಸಿ, "ಮುಳುಗಡೆ ಅಂತ ಇಟ್ಟುಕೋ" ಎಂದ.

ನಾನು ಎಷ್ಟೋ ಹೊತ್ತು ಮಾತಾಡಲಿಲ್ಲ. ಟೇಪಿನಲ್ಲಿ ದೊಡ್ಡ ಮೇಳವೊಂದು ದನಿಗೆ ದನಿ ಸೇರಿಸಿ ಏರುತ್ತಿತ್ತು. ನಲವತ್ತು ಜನರ ಮೇಳವಂತೆ. ನನ್ನ ತವರು ಮುಳುಗಡೆಯದು. ಲಿಂಗನಮಕ್ಕಿಯ ಕಟ್ಟೆ 1964ರಲ್ಲಿ ಮುಗಿದಾಗ ನನಗೆ ಒಂಬತ್ತು ವರ್ಷ. ಮಗನಿಗೆ ಅದು ಗೊತ್ತಿತ್ತು. ಅಜ್ಜನ ಮನೆ ನೀರಿನಡಿ ಇದೆ ಎಂಬಷ್ಟು ಮಾತ್ರ. ಆ ರಾತ್ರಿ ಉಳಿದದ್ದನ್ನು ಹೇಳಿದೆ. ಗಾಡಿಗೆ ಬಾಗಿಲು, ಜಂತಿ, ಅಟ್ಟದ ಹಲಗೆ ಕಿತ್ತು ಹೇರಿದ್ದು. ನನ್ನ ಅಮ್ಮ ಒಲೆಯ ಕಲ್ಲನ್ನು ಬಿಟ್ಟು ಬರಲಾರದೆ ಮತ್ತೆ ಮತ್ತೆ ಒಳಗೆ ಹೋದದ್ದು. ದೇವಸ್ಥಾನದ ಘಂಟೆ ಇಳಿಸಿ ಹುಲ್ಲಿನ ಮೇಲೆ ಗಾಡಿಯಲ್ಲಿಟ್ಟದ್ದು. ಗಾಡಿ ಕುಲುಕಿದಾಗಲೆಲ್ಲ ನಾಲಿಗೆ ತಗಲಿ ಅದು ದಾರಿಯುದ್ದಕ್ಕೂ ಬಿಟ್ಟುಬಿಟ್ಟು ಬಡಿದದ್ದು. ಗಂಡಸರು ಯಾರೂ ಮಾತಾಡದೆ ನಡೆದದ್ದು. ಬೇಸಗೆಯಲ್ಲಿ ನೀರು ತೀರ ಇಳಿದಾಗ 1948ರಷ್ಟು ಹಳೆಯ ಹಿರೇಭಾಸ್ಕರ ಕಟ್ಟೆ ನೀರಿನಿಂದ ಎದ್ದು ಕಾಣುತ್ತದೆ. ಜನ ನೋಡಲು ಹೋಗುತ್ತಾರೆ. ನನ್ನ ಅಮ್ಮ ಒಂದು ದಿನವೂ ಹೋಗಲಿಲ್ಲ. ಅವಳು ಅದರ ಬಗ್ಗೆ ಆಡಲಿಲ್ಲ, ಅಳಲಿಲ್ಲ. ಮಾತಾಡದ ದುಃಖ ಅವಳ ಮೊಣಕಾಲಿಗೆ, ಹೊಟ್ಟೆಗೆ, ಕಣ್ಣಿಗೆ ಇಳಿಯಿತು. ನನಗೂ ಅದನ್ನೇ ಕಲಿಸಿದಳು. ನಾನು ಮಗನಿಗೆ ಅದನ್ನೇ ಕಲಿಸುತ್ತಿದ್ದೆ.

ಹಾಡು ನಡುವೆಯೇ ಟಕ್ಕೆಂದು ನಿಂತಿತು. ನಾನು ಬೆಚ್ಚಿದೆ. "ಮುಗೀಲಿಲ್ಲ ಅಮ್ಮ, ಟೇಪು ಮುಗೀತು. ಬದಿಗೆ ನಲವತ್ತೈದೇ ನಿಮಿಷ" ಎಂದ. ಹೊರಗಿನ ಮಳೆ ಮಾತ್ರ ಉಳಿಯಿತು. ಆ ಕತ್ತಲಲ್ಲಿ ಅಂದಿನ ಮಾತು ನನ್ನ ಬಾಯಿಗೆ ಬಂದಿತ್ತು. 'ನಾನು ಅವತ್ತು ಹೋಗಿ ಬನ್ನಿ ಅನ್ನಬಾರದಿತ್ತು' ಎಂದು. ಬಂದದ್ದು ಪ್ರತಿಮಧ್ಯಮದ ಹಾಗೆ ಅಲ್ಲೇ ನಡುಗಿ ನಿಂತಿತು. "ಮಲಗು, ಹೊತ್ತಾಯ್ತು" ಎಂದು ಎದ್ದುಬಂದೆ. ಆದರೂ ಅಂದಿನಿಂದ ನಮ್ಮಿಬ್ಬರಲ್ಲಿ ಏನೋ ಸಡಿಲವಾಯಿತು. ಆ ವರ್ಷದ ದೀಪಾವಳಿಯಲ್ಲಿ ಹುಡುಗ ಅಂಟಿಗೆ ಪಂಟಿಗೆಯವರ ಜೊತೆ ಹೋಗಿ, ಬೆಳಗಿನ ಜಾವ ದನಿ ಕೆಡಿಸಿಕೊಂಡು ಬಂದ.

ಕಾಲ ನಿಲ್ಲುವುದಿಲ್ಲ. ಮಗ ಬೆಂಗಳೂರು ಸೇರಿದ, ಕೆಲಸ, ಮದುವೆ, ಒಂದು ಮಗಳು. ಈ ಸಂಗೀತದ ಹುಚ್ಚು ಬಿಡಲಿಲ್ಲ. ಒಮ್ಮೆ ನಾನು ಅಲ್ಲಿದ್ದಾಗ, "ಅಮ್ಮ, ಸಂಜೆ ಬೇವರ್‌ಸೀ ಪ್ರೋಗ್ರಾಮಿಗೆ ಹೋಗ್ತೆ" ಎಂದ. ನಾನು ಕಿವಿ ಮುಚ್ಚಿಕೊಂಡೆ. ಮನೆಯಲ್ಲಿ ಆಡುವ ಮಾತೇ ಅದು? ಸೊಸೆ ನಕ್ಕು ನಕ್ಕು ಸಾಕಾದಳು. ಅದೊಂದು ತಂಡದ ಹೆಸರಂತೆ. ನಮ್ಮ ಬೈಗುಳವನ್ನೇ ಒಡೆದು ಇಂಗ್ಲಿಷಿನ ಸಮುದ್ರ ಮಾಡಿಟ್ಟುಕೊಂಡಿದ್ದಾರೆ. 2012ರಲ್ಲಿ ಅವರ ಮೊದಲ ಆಲ್ಬಂ ಬಂದಿತ್ತು. ಆ ಬರ್ಮಿಂಗ್‌ಹ್ಯಾಮಿನ ಹುಡುಗರ ಅದೇ ನಿಧಾನ, ಅದೇ ಭಾರ, ಬೆಂಗಳೂರಿನ ಹುಡುಗರ ಕೈಯಲ್ಲಿ. ಕೇಳಿಸಿದ. ಹೆಸರಿಗಿಂತ ಹಾಡು ವಾಸಿ ಎಂದೆ.

ಕಳೆದ ವರ್ಷ, 2025ರ ಜುಲೈ, ಅಪ್ಪನ ತಿಥಿಗೆ ಬಂದಿದ್ದ. ಮೂವತ್ತು ವರ್ಷ. ಆ ತಿಂಗಳ 5ರಂದು ನಾಲ್ವರೂ ಮುದುಕರಾಗಿ ತಮ್ಮ ಊರಿನಲ್ಲೇ ಕೊನೆಯ ಸಲ ನುಡಿಸಿದ್ದರು. ಓಝಿಗೆ ನಿಲ್ಲಲು ಆಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ಹಾಡಿದ. 22ರಂದು ತೀರಿಹೋದ. ಎಪ್ಪತ್ತಾರು ವರ್ಷ. ಎಡೆ ಇಟ್ಟು, ಊಟವಾಗಿ, ಸಂಜೆ ಜಗುಲಿಯಲ್ಲಿ ಕೂತಾಗ ಮಗ ಆ ಮಾತು ತೆಗೆದ. ಮೂರು ಸ್ವರದ ಆ ಹಾಡಿಗೆ ಪ್ರೇರಣೆ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಗಾರ ಮಂಗಳ ಗ್ರಹದ ಮೇಲೆ ರಚಿಸಿದ ಸಂಗೀತವಂತೆ. ಆ ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳಿಗೆ ರಾಗ ಹಾಕಿದವನು. 'ಸಾವಿತ್ರಿ' ಎಂದು ಒಂದು ಸಂಗೀತನಾಟಕ ಮಾಡಿದವನು. ಅದು ಮೊದಲು ಆಡಿದ್ದು 1916ರಲ್ಲಿ. ನಮ್ಮ ಸಾವಿತ್ರಿಯೇ, ಯಮನ ಬೆನ್ನು ಹತ್ತಿ ಗಂಡನನ್ನು ವಾಪಸು ತಂದವಳು. ನಾನು ಸುಮ್ಮನೆ ಕೇಳಿದೆ. ಗಂಡನನ್ನು ವಾಪಸು ತಂದವಳ ಕತೆ ಎಲ್ಲರೂ ಹೇಳುತ್ತಾರೆ. ತಾನೇ ಕಳಿಸಿಕೊಟ್ಟವಳ ಕತೆ ಯಾವ ಪುರಾಣದಲ್ಲಿದೆ?

ಅವನು ಅದನ್ನು ಕೇಳಿಸಿಕೊಂಡನೋ ಎಂಬಂತೆ ಇನ್ನೊಂದು ಹೇಳಿದ. ಗಿಟಾರಿನ ಟೋನಿಯ ಕತೆ. ಅವನಿಗೆ ಹದಿನೇಳು ವರ್ಷ. ತಗಡಿನ ಕಾರ್ಖಾನೆಯಲ್ಲಿ ಕೆಲಸ. ಸಂಗೀತದ ತಂಡದ ಜೊತೆ ತಿರುಗಲು ಕೆಲಸ ಬಿಡುವುದೆಂದು ನಿಶ್ಚಯಿಸಿದ್ದ. ಅದೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು, ಇನ್ನು ವಾಪಸು ಹೋಗುವುದಿಲ್ಲ ಎಂದ. ಅವನ ತಾಯಿ ಒಪ್ಪಲಿಲ್ಲ. ಹಿಡಿದ ಕೆಲಸವನ್ನು ನೆಟ್ಟಗೆ ಮುಗಿಸಿ ಬಾ ಎಂದು ಕಳಿಸಿದಳು. ಆ ಮಧ್ಯಾಹ್ನ ಗುರುತಿಲ್ಲದ ಯಂತ್ರದ ಮುಂದೆ ನಿಲ್ಲಿಸಿದರು. ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ. ತಂತಿ ಒತ್ತುವುದು ಅದೇ ಬಲಗೈ. ಇನ್ನು ಗಿಟಾರು ಮರೆತುಬಿಡು ಎಂದರು ಡಾಕ್ಟರು. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಉಜ್ಜಿ, ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿಕೊಂಡ. ತೆಳ್ಳಗಿನ ತಂತಿ ಕಟ್ಟಿದ. ಮುಂದೆ ನೋವು ತಾಳಲಾಗದೆ ತಂತಿಯ ಬಿಗಿ ಸಡಿಲಿಸಿ ಶ್ರುತಿಯನ್ನೇ ಇಳಿಸಿದ. ಆ ಸಂಗೀತದ ಭಾರಕ್ಕೆ ಆ ಬೆರಳುಗಳದ್ದೂ ಒಂದು ಕಾರಣ.

ಇಷ್ಟು ಹೇಳಿ ಮಗ ನನ್ನತ್ತ ತಿರುಗಿದ. "ಆ ತಾಯಿ ಮಾಡಿದ್ದು ತಪ್ಪಾ ಅಮ್ಮ?"

"ಅವಳದೆಂತ ತಪ್ಪು?" ಎಂದೆ. "ಹಿಡಿದ ಕೆಲಸ ಮುಗಿಸು ಅಂತ ಯಾವ ತಾಯಿಯಾದರೂ ಹೇಳ್ತಾಳೆ. ಯಂತ್ರದ ಬಾಯಿ ಅವಳಿಗೆ ಗೊತ್ತಿತ್ತಾ?"

"ಕೊಂಬೆಯೂ ಹಾಗೇ ಅಮ್ಮ" ಎಂದ.

ಜಗುಲಿಯ ಅದೇ ಕಂಬ. ಅವನ ತಲೆಯಲ್ಲಿ ಈಗ ನರೆ ಕೂದಲು. ಮೂವತ್ತು ವರ್ಷ ಆ ಹುಡುಗ ಈ ಮಾತನ್ನು ಎಲ್ಲೆಲ್ಲಿ ಇಟ್ಟುಕೊಂಡು ತಿರುಗಿದ್ದನೋ. ನನಗೆ ಕೊಡಲು ಸರಿಯಾದ ಕತೆಯೊಂದು ಸಿಗಲೆಂದು ಕಾದಿದ್ದನೋ ಏನೋ. ನಾನು ಅತ್ತೆ. ತಿಥಿಯ ದಿನ ಸಂಜೆ ಅಳಬಾರದೆಂದು ಶಾಸ್ತ್ರವಿದೆಯೋ ಇಲ್ಲವೋ, ಕೇಳಲು ಹೋಗಲಿಲ್ಲ. ಮೊಮ್ಮಗಳು ಬಂದು, "ಅಜ್ಜಿ ಎಂತಕ್ಕೆ ಅಳ್ತಾ ಇದೆ?" ಎಂದಳು. "ಹಾಡು ಕೇಳಿ" ಎಂದ ಅವಳಪ್ಪ. ಅಲ್ಲಿ ಯಾವ ಹಾಡೂ ಇರಲಿಲ್ಲ. ಮಳೆ ಇತ್ತು.

ಆ ಸಂಗೀತ ನನಗೆ ಈಗಲೂ ಹಿಡಿಸುತ್ತದೆಂದು ಹೇಳಲಾರೆ. ನನಗೆ ನನ್ನ ಕಲ್ಯಾಣಿಯೇ ಸಾಕು. ಆದರೆ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬಾಗಿಲು ಹಾಕಿಕೊಂಡು ಎದೆ ಒಡೆಯುವಂಥದ್ದೇನನ್ನೋ ಕೇಳುತ್ತಿದ್ದರೆ, ತಾಯತ ಕಟ್ಟುವುದಿದ್ದರೆ ಕಟ್ಟಿ, ಕಟ್ಟಿದ ಮೇಲೆ ಅಲ್ಲೇ ಒಂದಿಷ್ಟು ಹೊತ್ತು ಕೂತು ಬನ್ನಿ. ಕತ್ತಲಿದ್ದರೆ ಇನ್ನೂ ಒಳ್ಳೆಯದು.

ನನಗೆ ಉಳಿದಿರುವ ತೊಂದರೆ ಒಂದೇ. ಬೇಸಗೆಯಲ್ಲಿ ಮಗ ಬಂದಿದ್ದಾಗ ಗುಡುಗು ಕೇಳಿದರೆ ತಟ್ಟನೆ ಏಳುವುದಿಲ್ಲ, ಕಿವಿಗೊಟ್ಟು ಕಾಯುತ್ತೇನೆ. ಹಿಂದೆ ಘಂಟೆ ಬಂತೋ, ಅದು ಮೆತ್ತಿನ ಮಳೆ, ಮಗ್ಗುಲು ಬದಲಿಸಿ ಮಲಗುತ್ತೇನೆ. ಬರಲಿಲ್ಲವೋ, ಅಡಿಕೆ!